ಷರಾ

ನಮ್ಮ ಲಾಡ್ಜಿನ ರಿಜಿಸ್ಟರಿನಲ್ಲಿ ಕೊನೆಯ ಕಾಲಮ್ಮು ಷರಾ.
ಹೆಸರು, ಊರು, ಎಷ್ಟು ಜನ, ಬಂದ ಕಾರಣ, ಹೋಗುವ ದಿನ
ಎಲ್ಲ ತುಂಬುತ್ತಾರೆ ಬಂದವರು, ನಿಂತೇ, ಬ್ಯಾಗು ಇಳಿಸದೆ.
ಷರಾ ಮಾತ್ರ ನನಗೆ ಬಿಟ್ಟದ್ದು.
ಧನ್ವಂತ್ರಿ ರಸ್ತೆಯ ಈ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತು
ಅಲ್ಲಿ ನಾನು ಎಳೆದದ್ದು ಒಂದೇ ಗೆರೆ,
ಪುಟದ ಮೇಲಿಂದ ಕೆಳಕ್ಕೆ.

ಈಗ ಬರೆಯುತ್ತಿದ್ದೇನೆ.

ಮೇ ಹದಿನೇಳು, ರೂಮು ನೂರನಾಲ್ಕು. ರಾಜಕೋಟೆಯವರು, ಐದು ಜನ.
‘ಮೈಸೂರು ತಂಪು ಅಂದಿದ್ದರಲ್ಲ’ ಎಂದರು ಮುದುಕರು, ಹಿಂದಿಯಲ್ಲಿ.
ನಾನೇ ಸುಳ್ಳು ಹೇಳಿ ಕರೆಸಿದವನ ಹಾಗೆ
ತಲೆ ತಗ್ಗಿಸಿ ಬೀಗದ ಕೈ ಹುಡುಕಿದೆ.

ಏಸಿ ರಿಮೋಟುಗಳು ನನ್ನ ಡ್ರಾಯರಿನಲ್ಲಿವೆ,
ರಬ್ಬರ್ ಬ್ಯಾಂಡ್ ಸುತ್ತಿ, ನನ್ನ ಬಿಪಿ ಮಾತ್ರೆಯ ಪಕ್ಕ.
ಮುನ್ನೂರು ಹೆಚ್ಚಿಗೆ ಕೊಟ್ಟವರಿಗೆ ರಾತ್ರಿ ಹತ್ತಕ್ಕೆ ಕೊಡು,
ಬೆಳಿಗ್ಗೆ ಆರಕ್ಕೆ ಇಸಕೊ: ಧಣಿಯ ಅಪ್ಪಣೆ.
ಧಣಿ ಕೆಟ್ಟವನಲ್ಲ. ಮಾರ್ಚಿನ ಕರೆಂಟು ಬಿಲ್ಲು ಬಂದ ದಿನ
ಅದನ್ನು ಮಡಿಸಿ, ಬಿಚ್ಚಿ, ಒಂದು ಸಲ ಒದರಿದ,
ಸೊನ್ನೆ ಒಂದಾದರೂ ಉದುರೀತೇನೋ ಎಂಬಂತೆ.
ಆಮೇಲೆ ಜೇಬಿಗಿಟ್ಟುಕೊಂಡು
ಊಟಕ್ಕೆ ಏಳದೆ ಕೂತ.

ಬಂದ ಕಾರಣ: ಹಕ್ಕಿ.
ಹಾಗಂತ ಬರೆದವರು ಕಲ್ಲಿಕೋಟೆಯ ಮೇಡಂ, ಕೊರಳಲ್ಲಿ ದುರ್ಬೀನು.
ಹೋದ ವರ್ಷ ಜುಲೈಯಲ್ಲಿ ಬಂದಾಗ ಕಟ್ಟೆಯ ಗೇಟು ತೆಗೆದಿದ್ದರು,
ರಂಗನತಿಟ್ಟಿನಲ್ಲಿ ದೋಣಿ ಬಂದ್.
ಈ ವರ್ಷ ಬೇಸಿಗೆಯಲ್ಲಿ ಬಂದರೆ
ಹೊಳೆ ಬಂಡೆಗಳ ಸೊಂಟದಿಂದ ಜಾರಿಹೋಗಿದೆ.
‘ನಡುವೆ ಯಾವಾಗ ಬರಲಿ?’ ಎಂದು ಕೇಳಿದರು.
ನಡು ಎಂಬುದೊಂದಿತ್ತು ಮೇಡಂ.
ಆರಿದ್ರೆ, ಪುನರ್ವಸು, ಪುಷ್ಯ ಅಂತ
ನಮ್ಮವ್ವ ಬೆರಳ ಗೆಣ್ಣಿನ ಮೇಲೆ ಅದನ್ನು ಎಣಿಸಿ ತೋರಿಸುತ್ತಿದ್ದಳು.
ಈಗ ಗೆಣ್ಣು ಇವೆ.

ಮುನಾವರನ ಟೆಂಪೋ ಎದುರಿಗೇ ನಿಂತಿರುತ್ತದೆ, ಗಾಜಿಗೆ ಟವೆಲು ಕಟ್ಟಿಕೊಂಡು.
‘ಡೀಸೆಲ್ ಹಾಕ್ಸಿದ್ ಮೇಲೆ ನಂಗುಳಿಯೋದು
ಹಾರನ್ನೊಂದೇ ಕಣಣ್ಣ.’
ಝೂ, ಬೆಟ್ಟ, ಪಟ್ಟಣ, ಕನ್ನಂಬಾಡಿ, ಒಂದೇ ದಿನ
ಸುತ್ತಿಸಿ ತರುತ್ತಿದ್ದವನು.
ಈಗ ಪಾರ್ಟಿ ಹನ್ನೊಂದು ಗಂಟೆಗೇ ರೂಮಿಗೆ ವಾಪಸ್ಸು.
ಗುಡಿಯ ಮುಂದೆ ಚಪ್ಪಲಿ ಬಿಟ್ಟ ಮಗುವಿನ ಅಂಗಾಲಿಗೆ
ಮುಲಾಮು ಇದೆಯೇ ಎಂದು ನನ್ನನ್ನು ಕೇಳುತ್ತಾರೆ.
ಇದೆ. ಅದೂ ಡ್ರಾಯರಿನಲ್ಲೇ.

ದಿನಕ್ಕೆ ನಲವತ್ತು ದುಪ್ಪಟಿ ಒಗೆಯುತ್ತಿದ್ದ ಚಿಕ್ಕತಾಯಮ್ಮ
ಈಗ ಹನ್ನೊಂದು ಒಗೆಯುತ್ತಾಳೆ. ಹನ್ನೊಂದರ ಕೂಲಿ.
‘ಗಳಿಗೇಲಿ ಒಣಗ್ತವೆ ಸಾ, ಅದೊಂದು ಸುಖ’ ಎಂದು
ನಗುವುದೋ ಬೇಡವೋ ತಿಳಿಯದ ಹಾಗೆ ಹೇಳಿ ಹೋದಳು.

ಮೇ ಹದಿನೆಂಟು, ಭಾನುವಾರ. ಏಳೂಕಾಲಿಗೆ ಕರೆಂಟು ಹೋಯಿತು.
ಜನರೇಟರಿನ ಹತ್ತಿರ ಹೋಗಿ ಸುಮ್ಮನೆ ನಿಂತೆ,
ಲೀಟರಿಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕುತ್ತ.
ಅಷ್ಟರಲ್ಲಿ ಎಲ್ಲ ತಾರಸಿ ಹತ್ತಿದ್ದರು, ರಾಜಕೋಟೆಯೂ, ಕಲ್ಲಿಕೋಟೆಯೂ.
ಚಾಪೆ ಹೊತ್ತುಕೊಂಡು ನಾನೂ ಹತ್ತಿದೆ.

ಕಪ್ಪು ಸೂರುಗಳ ಆಚೆ ಅರಮನೆ,
ಒಂದು ಗೋಪುರ, ಅರ್ಧ ಕಮಾನು,
ಬಲ್ಬು ಬಲ್ಬಾಗಿ, ಚಿನ್ನದ ಕುಂದಣದ ಹಾಗೆ.
‘ಅದರ ಬಿಲ್ಲು ಯಾರು ಕಟ್ಟುತ್ತಾರೆ?’
ರಾಜಕೋಟೆಯ ಹುಡುಗಿ ಕೇಳಿದಳು. ಯಾರೋ ನಕ್ಕರು.
ಅವಳು ನಗಲಿಲ್ಲ, ನನ್ನನ್ನೇ ನೋಡಿದಳು.
ಮ್ಯಾನೇಜರಿಗೆ ಇದೂ ಗೊತ್ತಿರಬೇಕಲ್ಲ.

ಎಂಟಕ್ಕೆ ಒಮ್ಮೆಲೇ ಆರಿತು.
ರೆಪ್ಪೆಯೊಳಗೆ ಅದರ ಅಂಚು ಸ್ವಲ್ಪ ಹೊತ್ತು ಹಸಿರಾಗಿ ಉಳಿಯಿತು.
ಮುದುಕರು ಅಂಗಿ ಬಿಚ್ಚಿ, ಮಡಿಸಿ, ತಲೆಯಡಿಗಿಟ್ಟು
ಚಾಪೆಯ ಮೇಲೆ ಮಲಗಿಬಿಟ್ಟರು.
ಒಂಬತ್ತೂವರೆಗೆ ಕರೆಂಟು ಬಂದಾಗ
ಕೆಳಗೆ ಫ್ಯಾನುಗಳು ಖಾಲಿ ಮಂಚಗಳಿಗೆ ತಿರುಗತೊಡಗಿದವು.
ಯಾರೂ ಇಳಿಯಲಿಲ್ಲ. ನಾನೇ ಹೋಗಿ ಒಂದೊಂದಾಗಿ ಆರಿಸಿ ಬಂದೆ.

ಏಸಿಯ ಮುನ್ನೂರು ಬೆಳಿಗ್ಗೆ ವಾಪಸು ಕೊಟ್ಟೆ.
ಧಣಿಗೆ ಇನ್ನೂ ಹೇಳಿಲ್ಲ.
ತಪಾಸಣೆಗೆ ಬರುವ ಪೊಲೀಸಿನವರು ಓದಿದರೆ ಓದಿಕೊಳ್ಳಲಿ,
ಕಾಲಮ್ಮು ಇರುವುದು ಇದಕ್ಕೇ:

ತಾರಸಿ. ನಂಬರು ಇಲ್ಲ. ಏಳು ಚಾಪೆ, ಬಾಡಿಗೆ ಇಲ್ಲ.
ಗಾಳಿ, ಬೆಳಗಿನ ಜಾವ ಮೂರೂವರೆಗೆ ಬಂತು.