ಕಿವಿಗೆ ಹಿಡಿದ ಮೊಟ್ಟೆ

ನಗಬೇಡ ತಮಾ. ಇಪ್ಪತ್ತೆಂಟು ಆಳಿಗೆ
ಹದಿನಾರು ವರ್ಷ ಇದೇ ಒಲೆಯಲ್ಲಿ ಮೊಟ್ಟೆ ಒಡೆದ ಕೈ ಇದು.
ಬೋಟು ಎಷ್ಟು ಹೊಯ್ದಾಡಿದರೂ ಒಂದು ಹಳದಿ ಚೆಲ್ಲಿಲ್ಲ.
ಈಗ ಒಡೆಯುವ ಮುಂಚೆ ಕಿವಿಗೆ ಹಿಡಿಯುತ್ತೇನೆ, ಹೌದು.
ಫಾರಂ ಮೊಟ್ಟೆ, ಒಳಗೆ ಯಾರೂ ಇಲ್ಲ ಅಂತ ನನಗೂ ಗೊತ್ತು.

ಜೂನ್ ಒಂದಕ್ಕೆ ತದಡಿಯಲ್ಲಿ ಬೋಟು ಕಟ್ಟಿ ಮನೆಗೆ ಹೋದರೆ
ನನ್ನ ಚಾಪೆಯ ಮೂಲೆಯಲ್ಲಿ ಬೂದು ಹೇಂಟೆ ಕೂತಿತ್ತು.
ಅಡಿಯಲ್ಲಿ ಒಂದೂ ಮೊಟ್ಟೆಯಿಲ್ಲ, ಬರೀ ಕಾವು.
ಎತ್ತಿ ಹೊರಗಿಟ್ಟರೆ ಮತ್ತೆ ಬಂತು. ಮುಟ್ಟಿದರೆ
ಹಲಸಿನ ಹಣ್ಣಿನಷ್ಟು ಉಬ್ಬಿ, ಗೊರ್ ಅಂತ ಬೈಗುಳ.
ಅತ್ತೆ ಪಾರಮ್ಮ ಅಂದಳು: ನೀರಲ್ಲಿ ಮುಳುಗಿಸು,
ಮೂಗಿಗೆ ಗರಿ ಚುಚ್ಚು, ಹುಚ್ಚು ಇಳೀತದೆ.
ರುಕ್ಮಾ ಅಂದಳು: ಇರಲಿ, ಮನೇಲಿ ಒಬ್ಬರಾದ್ರೂ
ಕೂತಲ್ಲಿ ಕೂರೋರು ಬೇಕು.

ಹುಂಜವಿದ್ದ ಮನೆಯಿಂದ ಹನ್ನೊಂದು ಮೊಟ್ಟೆ ತಂದು,
ಹಳೆಯ ಮೀನುಬುಟ್ಟಿಗೆ ಹುಲ್ಲು, ಹುಲ್ಲಿನಡಿ ಬೂದಿ,
ಗುಡುಗಿಗೆ ಕೆಡದಿರಲಿ ಅಂತ ಬೋಟಿನದೊಂದು ತುಕ್ಕು ಮೊಳೆ.
ರುಕ್ಮಾ ಶಾಲೆಗೆ ಬಿಸಿಯೂಟ ಬೇಯಿಸಲು ಹೋದಳು.
ಕಾವಲು ನನ್ನದು.

ದಿನಕ್ಕೊಂದೇ ಸಲ ಏಳುತ್ತದೆ ಅದು.
ಎದ್ದರೆ ಮೊದಲು ನಿಂಬೆಹಣ್ಣಿನಷ್ಟು ಹಿಕ್ಕೆ,
ಬಂಗಡೆ ಕೊಳೆತರೂ ಹಾಗೆ ನಾರುವುದಿಲ್ಲ.
ನುಚ್ಚು ನಾಕು ಕುಟುಕು, ನೀರು, ಒಲೆಬೂದಿಯಲ್ಲಿ ಒಂದು ಹೊರಳು,
ಮತ್ತೆ ಓಡಿ ಬುಟ್ಟಿಗೆ. ಮೊಬೈಲಲ್ಲಿ ಲೆಕ್ಕ ಹಿಡಿದೆ:
ಹನ್ನೆರಡು ನಿಮಿಷ.
ನಾನು, ಹತ್ತು ತಿಂಗಳು.

ಎಂಟನೇ ರಾತ್ರಿ ಕರೆಂಟು ಹೋಯಿತು. ಟಾರ್ಚು ಹಚ್ಚಿ
ಒಂದೊಂದೇ ಮೊಟ್ಟೆ ಬೆಳಕಿಗೆ ಹಿಡಿದೆವು.
ಎರಡು ಖಾಲಿ, ಚಿಮಣಿ ಗಾಜಿನ ಹಾಗೆ.
ಉಳಿದವುಗಳಲ್ಲಿ ಕೆಂಪು ಎಳೆ, ಅಘನಾಶಿನಿ
ಗಜನಿಗದ್ದೆಯೊಳಗೆ ಕವಲೊಡೆದು ನುಗ್ಗುವ ಹಾಗೆ,
ನಡುವೆ ಒಂದು ಕಪ್ಪು ಚುಕ್ಕೆ ಹಂದಾಡುತ್ತಿತ್ತು.
ಅದೇ ದಿನ ಶಾಲೆಯಲ್ಲಿ ನೂರಾ ಹತ್ತು ಮೊಟ್ಟೆ ಸುಲಿದ ರುಕ್ಮಾ
ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ತನ್ನ ಬೆರಳು ಮೂಸಿಕೊಂಡಳು.

ಇಪ್ಪತ್ತನೇ ದಿನ ಕಿವಿಗೆ ಹಿಡಿದೆ.
ದೂರದ ಬೋಟು ವೈರ್‌ಲೆಸ್ಸಿಗೆ ಸಿಕ್ಕ ಹಾಗೆ
ಮೊದಲು ಕರಕರ, ಆಮೇಲೆ, ಚಿಪ್ಪಿನಾಚೆಯಿಂದ, ಚೀಂವ್.
ಬುಟ್ಟಿಯಿಂದ ಹೇಂಟೆ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಿತು.
ಅವರ ಚಾನೆಲ್ಲು ಬೇರೆ; ನಾನು ಕದ್ದು ಕೇಳುತ್ತಿದ್ದವ.

ಮರುದಿನ ಎಂಟು ಬಂದವು, ನೆನೆದ ಹತ್ತಿಯ ಹಾಗೆ.
ಒಂಬತ್ತನೆಯದು ಚಿಪ್ಪಿಗೆ ತೂತು ಮಾಡಿ ನಿಂತುಬಿಟ್ಟಿತು.
ಕೊಕ್ಕಿನ ತುದಿ ಕಾಣುತ್ತದೆ, ಉಸಿರು ಕಾಣುತ್ತದೆ.
ಮಧ್ಯಾಹ್ನವಾಯಿತು. ಸಂಜೆ.
ಕೈ ಹಾಕಬೇಡ, ಅಂದಳು ಪಾರಮ್ಮ, ಅದರ ನೆತ್ತರು
ಇನ್ನೂ ಚಿಪ್ಪಿಗೇ ಅಂಟಿಕೊಂಡಿರ್ತದೆ,
ಒಳಗೆ ಎಳಕೊಳ್ಳೂಕೆ ಅದಕ್ಕೆ ಪುರಸೊತ್ತು ಬೇಕು.
ನಾನು ಹಾಕಿದೆ. ರಾತ್ರಿ, ಎಲ್ಲ ಮಲಗಿದ ಮೇಲೆ,
ಶೆಟ್ಲಿ ಸುಲಿಯುವ ಉಗುರಿನಿಂದ ಒಂದೇ ಚೂರು.
ರಕ್ತ ಬಂತು. ಸಾಸಿವೆಯಷ್ಟು.
ಮೊಟ್ಟೆಯನ್ನು ಹೇಂಟೆಯ ಎದೆಯಡಿಗೆ ತಳ್ಳಿದೆ; ಅಲ್ಲಿ
ಗರಿ ಉದುರಿ ಬರೀ ಚರ್ಮ, ಜ್ವರದ ಹಣೆಯಷ್ಟು ಬಿಸಿ.
ಕುಕ್ಕಿತು. ಕುಕ್ಕಲಿ ಅಂತ ಕೈ ಅಲ್ಲೇ ಬಿಟ್ಟೆ.
ನೋಡು, ಕಲೆ ಇನ್ನೂ ಇದೆ.

ಬೆಳಿಗ್ಗೆ ಎಣಿಸಿದರೆ ಒಂಬತ್ತು.
ಕೈ ಹಾಕಿದ್ದಕ್ಕೆ ಬಂತೋ, ತೆಗೆದದ್ದಕ್ಕೆ ಬಂತೋ
ತಿಳಿಯದು. ರುಕ್ಮಾಗೆ ಹೇಳಲೂ ಇಲ್ಲ.
ಅದರ ಬಲಗಾಲು ತುಸು ಸೊಟ್ಟ.

ನಿನ್ನೆ ಟವರು ಸಿಕ್ಕಾಗ ಫೋನು ಮಾಡಿದೆ.
ನಾಕು ಹದ್ದಿನ ಪಾಲು, ಒಂದು ಬಾವಿಗೆ,
ಸೊಟ್ಟಗಾಲಿಂದು ಅನ್ನದ ತಟ್ಟೆಗೇ ಬತ್ತದೆ ಹೇಳಿ ನಕ್ಕಳು.
ಹೇಂಟೆ ಈಗ ಮರಿಗಳನ್ನೇ ಕುಕ್ಕಿ ಓಡಿಸುತ್ತದಂತೆ,
ಮತ್ತೆ ಮೊಟ್ಟೆಯಿಡಲು ಶುರು ಮಾಡಿದೆಯಂತೆ.

ಈರುಳ್ಳಿ ಹೆಚ್ಚಿದ್ಯಾ? ಎಣ್ಣೆ ಕಾದಿದೆ.
ತಾ ಇಲ್ಲಿ, ಇನ್ನೂ ಇಪ್ಪತ್ತಾರು ಇದೆ.
ಆ ಇಂಜಿನ್ನಿನವನಿಗೆ ಹೇಳು, ಒಂದು ಗಳಿಗೆ
ಸದ್ದು ಕಮ್ಮಿ ಮಾಡು ಅಂತ.