ಜಾಲಿಮುಳ್ಳಿನ ಮೊನೆಗೆ

ಯುದ್ಧದ ಮೂರನೇ ವರ್ಷ, ಮದ್ರಾಸಿನಿಂದ ಸೂಜಿ ಬರುವುದು ನಿಂತಿತು.
ಕೌಲ್ ಬಜಾರಿನ ತಗಡಿನಂಗಡಿಯಲ್ಲಿ ನಮ್ಮ ತಾತ ಹುಸೇನಪ್ಪ,
ಸ್ಟೋ ರಿಪೇರಿ, ಲಾಂದ್ರ ರಿಪೇರಿ,
ಸಣ್ಣಕ್ಷರದಲ್ಲಿ ಗ್ರಾಮಫೋನೂ ರಿಪೇರಿ,
ಹಗರಿ ದಾರಿಯ ಬೇಲಿಯಿಂದ ಜಾಲಿಮುಳ್ಳು ಮುರಿದು ತಂದ.
ಬೆಂಕಿಗೆ ತೋರಿಸಿ, ಗಾಜಿನ ಚೂರಿನಿಂದ ಹೆರೆದು,
ಮೊನೆಗೆ ನಾಲಗೆ ತಾಗಿಸಿ ನೋಡಿ
ತಟ್ಟೆಯ ಮೇಲಿಟ್ಟ.

ಹಾಡಿದಳು ಒರ್ಸೋಲಾ.

ದಂಡಿನ ಬಂಗಲೆ ಖಾಲಿ ಮಾಡಿದ ಕರ್ನಲನ ಹೆಂಡತಿ
ಮುರಿದ ಮಂಚ, ಮೂರು ಕೊಡೆಗಳ ಜೊತೆ
ಹರಾಜಿಗಿಟ್ಟ ಒಂದೇ ತಟ್ಟೆ. ಎಂಟಾಣೆ.
ಚೀಟಿ ಓದಿ ಹೇಳಿದವನು ಬ್ಯಾಂಡ್ ಮಾಸ್ತರ ಬ್ರಗಾಂಜಾ,
ಗೋವೆಯವನು, ಪಿಂಚಣಿ ಸಾಲದವನು:
"ಇಟಲಿಯವಳು. ಒರ್ಸೋಲಾ ಬೆಲ್ತ್ರಾಮಿ. ಸಾವಿರದ ಒಂಬೈನೂರಾ ಆರು."
ಬರೆದಿದ್ದುದು ಅಷ್ಟೇ.
ಮಿಕ್ಕಿದ್ದಕ್ಕೆಲ್ಲ ಸೀಸೆಗೊಂದು ಕಂತು.

ಮೊದಲ ಸೀಸೆ ಸೇಂದಿಗೆ ಅವಳು ಹುಟ್ಟಿದಳು.
ಅಪ್ಪ ಯಾರೋ. ಅವ್ವ ಹೊಳೆದಂಡೆಯಲ್ಲಿ ಪಾದ್ರಿಗಳ ನಿಲುವಂಗಿ ಒಗೆಯುವಾಕೆ,
ಬಟ್ಟೆ ಬಡಿಯುವ ಪೆಟ್ಟಿಗೆ ಕೂಸು ಅತ್ತದ್ದೇ ಮೊದಲ ಪಾಠ.
"ನಮ್ ಹಗರಿಯಂಥ ಹೊಳಿ ಏನು?" ತಾತ ಕೇಳಿದ.
"ನೀರಿರೋ ಹೊಳೆ" ಅಂದ ಮಾಸ್ತರ.

ಮೂರನೆಯದಕ್ಕೆ ಮಿಲಾನು, ಐದಂತಸ್ತಿನ ನಾಟಕಶಾಲೆ.
ತೆರೆ ಏಳುವಾಗ ಕಾಲು ಬರಲಿಲ್ಲ,
ದೀಪದ ಹುಡುಗ ಬೆನ್ನಿಗೆ ಗುದ್ದಿ ರಂಗಕ್ಕೆ ದಬ್ಬಿದ.
ಅಲ್ಲಿಂದ ಹದಿನಾಲ್ಕು ವರ್ಷ ಸಾಯುವ ಪಾತ್ರವೇ:
ಕೆಮ್ಮಿ, ವಿಷ ಕುಡಿದು, ಒಮ್ಮೆ ಕೋಟೆಯಿಂದ ಹಾರಿ.
ತಾತ ಕತ್ತೆತ್ತಿ ಬೋಳುಗುಡ್ಡದ ಕೋಟೆ ನೋಡಿದ.
"ಬಿದ್ದಮ್ಯಾಲೂ ಹಾಡತಾಳೇನು?"
"ಬೀಳೋಕಿಂತ ಮುಂಚೆ. ಬಹಳ ಹೊತ್ತು."

ಐದಕ್ಕೋ ಆರಕ್ಕೋ ಹಡಗು, ಬ್ಯೂನಸ್ ಐರಿಸ್.
ಹೂವಿನ ಬದಲು ಜನ ಪಾರಿವಾಳ ತೂರಿದರು,
ಒಂದು ಅವಳ ತುರುಬಿಗೆ ಸಿಕ್ಕಿ ಹಾಡು ಮುಗಿಯುವ ತನಕ ಒದ್ದಾಡಿತು.
ದನದ ವ್ಯಾಪಾರಿಯೊಬ್ಬ ಮದುವೆಯಾಗು ಅಂದ, ಒಲ್ಲೆ ಅಂದಳು.
ಮರುದಿನದ ಸೀಸೆಗೆ ಆಗಲಿ ಅಂದುಬಿಟ್ಟಳು.
ತಾತ ಜಗಳಕ್ಕೆ ನಿಂತ.
ಇನ್ನರ್ಧ ಸೀಸೆ ತರಿಸಿ, ಮಾಸ್ತರ ಆ ವ್ಯಾಪಾರಿಯನ್ನು
ಕುದುರೆಯಿಂದ ಬೀಳಿಸಿ ಕೊಂದ.

ಕೊನೆಯ ಕಂತು ಚಿಕ್ಕದು.
ನಲವತ್ತರ ಹತ್ತಿರ ಯಾವುದೋ ಸಣ್ಣ ಊರಿನಲ್ಲಿ, ಅರ್ಧ ತುಂಬಿದ ಸಭೆಗೆ,
ಮೇಲಿನ ಸ್ವರಕ್ಕೆ ಹತ್ತಿದ ದನಿ ಇಳಿದು ಬರಲಿಲ್ಲ.
"ಹೋತು?"
"ಹೋಯಿತು."
"ಎಲ್ಲಿಗೆ?"
ಅದು ನಾಳೆ, ಅಂದ ಬ್ರಗಾಂಜಾ.
ಚಳಿಜ್ವರ ಅವನಿಗೆ ನಾಳೆ ಕೊಡಲಿಲ್ಲ.
ಇಗರ್ಜಿಯ ಹಿಂದೆ, ಅವನೇ ಕಲಿಸಿದ ಹುಡುಗರು
ಅವನ ಮುಂದೆ ತಪ್ಪು ತಪ್ಪಾಗಿ ಊದಿದರು.

ಇದೆಲ್ಲ ನಾನು ಕೇಳಿದ್ದು. ಕಂಡದ್ದು ಇಷ್ಟೇ:
ಆ ಕಾಲದ ತಟ್ಟೆ, ಒಂದೇ ಮಗ್ಗುಲಿಗೆ ಹಾಡು,
ಇನ್ನೊಂದು ಮಗ್ಗುಲು ಬೋಳು, ಕರೀ ಕಲ್ಲಿನ ಹಾಗೆ ನುಣುಪು.
ಮುದುಕನಾದ ತಾತ ಮಧ್ಯಾಹ್ನದ ಉರಿಯಲ್ಲಿ ಅಂಗಡಿ ಅರ್ಧ ಮುಚ್ಚಿ
ತಟ್ಟೆಯನ್ನು ಮಗುಚಿ ಹಾಕುತ್ತಿದ್ದ.
ಸೂಜಿ ಆಗ ಎಲ್ಲ ಕಡೆ ಸಿಗುತ್ತಿತ್ತು. ಅವನು ಮುಳ್ಳನ್ನೇ ಹೆರೆಯುತ್ತಿದ್ದ.
ಆ ಜಾಲಿ ಕೂಡ ಸಮುದ್ರದಾಚೆಯಿಂದ ಬಂದದ್ದಂತೆ,
ನಾಡೆಲ್ಲ ಈಗ ಅದನ್ನು ಕರೆಯುವುದು ನಮ್ಮೂರ ಹೆಸರಿನಿಂದ.
ಕೀ ಕೊಡುತ್ತಿದ್ದ. ಸರ್‍ರ್, ಸರ್‍ರ್, ಬೇರೇನಿಲ್ಲ.
"ಹಾಡೇ ಇಲ್ಲಲ್ಲ ತಾತ."
"ಸುಮ್ಕಿರಲೇ," ಅಂದ, ಕಣ್ಣು ತೆರೆಯದೆ,
"ಉಸುರು ತಗಳಾಕತ್ತಾಳ."