ಎಪ್ಪತ್ತೆರಡು

ಗುಳೇದಗುಡ್ಡದ ಸೊಸೈಟಿಯಾಗ ಮಧ್ಯಾಹ್ನ, ಕರೆಂಟಿಲ್ಲ.
ಕಮತಗಿ ಮ್ಯಾನೇಜರ ಬೀಸಿಕೊಳ್ಳತಿದ್ದ ಕಾಗದದ ಮ್ಯಾಲ
ಕೆಂಪು ಅಕ್ಷರ: ನೂರಾಎಂಟು ತಿಂಗಳಿಗೆ ಡಬ್ಬಲ್!
ಸೆರಗಿನ ಗಂಟಿಗೆ ಕೈ ಹಾಕಿದ ಚಿಗವ್ವ ಬಾಳವ್ವ
ಹಂಗ ನಿಂತಳು. ತಿಂಗಳ ಬ್ಯಾಡೋ, ವರ್ಷ ಹೇಳು.
ಒಂಬತ್ತು.
ಹಂಗಾರ ಎಂಟು ಟಕ್ಕೆ.
ಅಂವ ಕ್ಯಾಲ್ಕುಲೇಟರ್ ಒತ್ತಿ, ಅಳಿಸಿ, ಒತ್ತಿ,
ತಲಿ ಎತ್ತಿದ: ಎಂಟ ಹೌದ್ರಿ ಯವ್ವಾ.

ಎರಡನೇ ಇಯತ್ತೆ ತನಕ ಓದಿದಾಕಿ.
ಕಂಡಿಕಿ ಸುತ್ತುವಾಗ ನನಗೂ ಕಲಿಸಿದ್ದಳು,
ರಾಟಿಯ ಸದ್ದಿನ ಮ್ಯಾಲ ದನಿ ಏರಿಸಿ:

ಎಪ್ಪತ್ತೆರಡು ಅಂದ್ರ ಮಂದಿ ಉಂಡೆದ್ದು ಹೋಗೂ ಮನಿ.
ಎರಡು ಬರಲಿ, ಮೂರು ಬರಲಿ, ನಾಲ್ಕು, ಆರು,
ಎಂಟು ಒಂಬತ್ತು ಜೋಡಿಲೆ ಬರಲಿ,
ಯಾರ ಎಡಿಯೂ ಕಡಿಮಿ ಬೀಳೂದಿಲ್ಲ.
ಏಳಕ್ಕೊಂದಿಷ್ಟು ಮುನಿಸು.
ಹತ್ತೂಚೂರು ಅಂದು ಸಮಾಧಾನ ಮಾಡು.

ಕಾಲೇಜು ಕಂಡ ಮ್ಯಾಲ ಒಮ್ಮೆ ಶಾಣ್ಯಾತನ ಮಾಡಿದೆ:
ಖರೆ ಅಂಕಿ ಅರವತ್ತೊಂಬತ್ತು ಚಿಲ್ಲರ, ಚಿಗವ್ವ.
ಆಕಿ ರಾಟಿ ನಿಲ್ಲಿಸಲಿಲ್ಲ.
ಅರವತ್ತೊಂಬತ್ತರ ಮನ್ಯಾಗ ಮೂರೊಂದ ಉಣ್ಣತೈತಿ.
ಉಳದವರು?

ನಿನಗ್ಯಾರು ಕಲಿಸಿದ್ರು?
ತೆಗ್ಗಿನಮನಿ ಗುರಸಿದ್ದವ್ವ. ನೂರಕ್ಕ ತಿಂಗಳಾ ಮೂರು.
ಚಕ್ರಬಡ್ಡಿ ಅಂದಳು. ಚಕ್ರ ಅಂದ್ರ ನಮಗ
ಈ ರಾಟಿ ಬಿಟ್ಟು ಬ್ಯಾರೇದು ಗೊತ್ತಿರಲಿಲ್ಲ.
ಎರಡು ವರ್ಷಕ್ಕ ಹತ್ತು ಸಾವಿರ ಇಪ್ಪತ್ತಾತು,
ನಾಲ್ಕಕ್ಕ ನಲವತ್ತು. ಆರಕ್ಕ
ನಮ್ಮ ಮಗ್ಗ ಆಕಿ ಪಡಸಾಲ್ಯಾಗ ನಿಂತಿತ್ತು.
ಸಾಲಿ ಛಲೋ ಇತ್ತು ತಂಗಿ, ಫೀಜು ಭಾಳಾತು.

ಗಂಟು ಬಿಚ್ಚಿದಳು. ಇಪ್ಪತ್ತು ಸಾವಿರ, ಎರಡು ಸಲ ಎಣಿಸಿ.
ನಲವತ್ತಾಗ್ತಾವ ನೋಡ್ರಿ, ಹಿಗ್ಗಿದ ಕಮತಗಿ.
ಜ್ವಾಳ, ರೇಷ್ಮಿ ಆರು ಟಕ್ಕೆ ಏರ್ತಾವ,
ಹನ್ನೆರಡು ವರ್ಷಕ್ಕ ಅವೂ ಡಬ್ಬಲ್.
ನೀ ಅಷ್ಟೇನ ಹಿಗ್ಗಬ್ಯಾಡ. ಬರಿ.

ನಾಮಿನಿ ಯಾರ್ರಿ?
ಪೆನ್ನು ಕಾಗದದ ಮ್ಯಾಲ ನಿಂತಿತ್ತು.
ರಸೀದಿ ಹಣ್ಣಾಗೂವಾಗ ಆಕಿಗೆ ಎಂಬತ್ತೊಂದು,
ಇದನ್ನ ಮೂವರೂ ಮನಸಿನ್ಯಾಗ ಕೂಡಿಸಿದ್ದಿವಿ.
ನಿನಗೀಗೆಷ್ಟ ವಯಸ್ಸು? ನನ್ನ ಕೇಳಿದಳು.
ಮೂವತ್ತಾರು.
ಅಂದ್ರ ನಾ ನಿನ್ನ ಒಂದ ಒಂದು ಡಬ್ಬಲ್!
ಕೌಂಟರ್ ಅಲ್ಲಾಡುವಂಗ ನಕ್ಕಳು.
ವರ್ಷಕ್ಕ ಎರಡ ಟಕ್ಕೆ, ಅವಸರ ಮಾಡಬ್ಯಾಡ.
ಬರ್ಕೋ ಇಕಿ ಹೆಸರು.

ಸಂಜಿಮುಂದ ರಾಟಿ ಮತ್ತ ಸುರು.
ನಡುವ ನೂಲು ಹರೀತು.
ನಾಲಗಿಗೆ ತಾಗಿಸಿ, ಬೆರಳಾಗ ಹೊಸೆದು,
ಎಷ್ಟಕ್ಕ ಬಿಟ್ಟಿದ್ದೆ ಅಂತ ನನ್ನನ್ನ ಕೇಳಿದಳು.